ಸೆರಗಿನ ಕಾಯಿಯ ಏಟು ಮತ್ತು ನನಗೆ ಬೇಡವಾದ ಗೆಲುವು

ಮುಂಬಯಿಯ ಉಪನಗರ ಕನ್ನಡ ಬಳಗದ ಕಣ್ಮಣಿಗಳೂ, 'ಕಲಿಕಾಳಗ' ಆನ್‌ಲೈನ್ ಪಂದ್ಯಾವಳಿಯ ಮುಖ್ಯ ನಿರ್ಣಾಯಕರೂ, ಗೋರೆಗಾಂವ್ ಪೂರ್ವದ ತಮ್ಮ ಸೋಫಾದ ಮೇಲೆ ಕೂತೇ ಕನ್ನಡದ ಮಾನ ಕಾಯುತ್ತಿರುವವರೂ ಆದ ಶ್ರೀ ಬಸವಂತಪ್ಪನವರ ಸನ್ನಿಧಿಗೆ, ದಹಿಸರಿನಿಂದ ಚಂದ್ರವ್ವ ಮುರಿಗೆಪ್ಪ ಹಂಚಿನಾಳ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮ, ತಮ್ಮ ಸಹ ನಿರ್ಣಾಯಕರು ಕ್ಷೇಮ, ತಮ್ಮ ನಿಯಮಾವಳಿಯೂ ದಿನದಿಂದ ದಿನಕ್ಕೆ ಮೈ ತುಂಬಿಕೊಂಡು ಬೆಳೆಯುತ್ತಿದೆ ಎಂದು ನಂಬಿದ್ದೇನೆ. ನಾನು ಗೆದ್ದೆನೆಂದು ತಾವು ಕಳಿಸಿದ ಅಭಿನಂದನೆಯ ಸಂದೇಶ, ಅದರ ಜೊತೆಗಿದ್ದ ಗುಲಾಬಿ ಹೂವಿನ ಚಿತ್ರ, ಆಮೇಲೆ ಮೇಲಿಂದ ಮೇಲೆ ಬಂದ 'ಮುಕ್ತಾಯದ ಸರದಿ ಇನ್ನೂ ಬಂದಿಲ್ಲ, ಬೇಗ ಬರೆಯಿರಿ' ಎಂಬ ಜ್ಞಾಪನೆಗಳು ಎಲ್ಲವೂ ತಲುಪಿವೆ. ಗೆದ್ದ ಸುದ್ದಿ ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ ಸುಲಿಯುತ್ತಿದ್ದ ಅವರೆಕಾಯಿಯನ್ನು ಬುಟ್ಟಿ ಸಮೇತ ನೆಲಕ್ಕೆ ಕುಕ್ಕಿ ಎದ್ದುಬಿಟ್ಟೆ. ಕಾಳು ಫ್ರಿಜ್ಜಿನ ಅಡಿಗೆಲ್ಲ ಹೋದವು, ನನ್ನ ಯಜಮಾನರು ಮೊಣಕಾಲೂರಿ ಕೂತು ಆರಿಸಬೇಕಾಯಿತು. ಅಂಥ ಆ ಗೆಲುವನ್ನು ತಮಗೆ ಹಿಂದಕ್ಕೆ ಕೊಡುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಜೊತೆಗೆ, ಬೈಕುಲ್ಲಾದ ಸುಗರಾ ಅವರು ಇಂದು ಸಂಜೆಯೊಳಗೆ ಎಲ್ಲರ ಮುಂದೆ ಕ್ಷಮೆ ಕೇಳಬೇಕೆಂದು ತಾವು ಹೊರಡಿಸಿರುವ ಆಜ್ಞೆಯನ್ನೂ ದಯಮಾಡಿ ವಾಪಸು ತೆಗೆದುಕೊಳ್ಳಬೇಕೆಂದು ಬೇಡುತ್ತಿದ್ದೇನೆ.

ಇದನ್ನು ತಮಗೊಬ್ಬರಿಗೇ ಗುಟ್ಟಾಗಿ ಬರೆಯಬಹುದಿತ್ತು. ಆದರೆ ತಾವು ತಮ್ಮ ತೀರ್ಪನ್ನು ಬಳಗದ ಅಷ್ಟೂ ಗ್ರೂಪುಗಳಲ್ಲಿ ಹಾಕಿ, ಗುರುತು ಪರಿಚಯ ಇಲ್ಲದವರೂ ಅದರ ಕೆಳಗೆ ಬಂದು ಉಗುಳಿ ಹೋಗುವ ಅನುಕೂಲ ಮಾಡಿಕೊಟ್ಟಿರುವಾಗ, ನಾನು ಮಾತ್ರ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರೆ ತಮ್ಮ ಪಾರದರ್ಶಕತೆಗೆ ಅಪಚಾರ ಮಾಡಿದಂತಾದೀತು.

ಬಳಗದ ಹೊರಗಿನವರೂ ಓದಬಹುದಾದ್ದರಿಂದ ಆಟದ ಬಗ್ಗೆ ಎರಡು ಮಾತು ಹೇಳಲು ಅಪ್ಪಣೆಯಾಗಲಿ. ಇದು ಹೊಡೆದಾಟದ ಪಂದ್ಯ, ಆದರೆ ಇಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಪ್ರತಿಯೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು, ಆ ಪಾತ್ರ ಏನು ಮಾಡಿತೆಂದು ಸರದಿಯ ಪ್ರಕಾರ ಮೊಬೈಲಿನಲ್ಲಿ ಬರೆಯಬೇಕು. ಏಟು ಬೀಸಿದೆನೆಂದು ಬರೆಯಬಹುದು, ಏಟು ತಾಗಿತೆಂದು ಬರೆಯುವಂತಿಲ್ಲ. ತಾಗಿತೋ ತಪ್ಪಿತೋ ಎಂಬುದನ್ನು ಎದುರಿನವರು ತಮ್ಮ ಸರದಿಯಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕೊನೆಗೆ ಮೂವರು ನಿರ್ಣಾಯಕರು ಎಲ್ಲವನ್ನೂ ಓದಿ ಗೆದ್ದವರು ಯಾರೆಂದು ಸಾರುತ್ತಾರೆ. ಸೋತ ಪಾತ್ರ ಸತ್ತಂತೆ, ಅದನ್ನು ಮತ್ತೆಂದೂ ಆಡಿಸುವಂತಿಲ್ಲ. ಆ ಸಾವನ್ನು ಬರೆಯುವ ಗೌರವ ಗೆದ್ದವರದು, ಅದಕ್ಕೇ ಮುಕ್ತಾಯದ ಸರದಿ ಎನ್ನುತ್ತಾರೆ, ಅದು ಬಾರದೆ ಮುಂದಿನ ಸುತ್ತು ಶುರುವಾಗುವುದಿಲ್ಲ. ಬಸವಂತಪ್ಪನವರು ನನ್ನಿಂದ ಬಯಸುತ್ತಿರುವುದು ಆ ಸಾವನ್ನು.

ನಾನೇನು ಈ ಆಟಕ್ಕೆ ಹುಟ್ಟಿದವಳಲ್ಲ. ಹೆಸರು ಕೊಟ್ಟವನು ನನ್ನ ಮಗ ಶರಣ. ಗೋರೆಗಾಂವಿನ ಆಫೀಸಿಗೆ ಹೋಗಿಬರುವ ಆ ಮಹಾಶಯ ಕನ್ನಡ ತಿಳಿಯುತ್ತಾನೆ, ಮನೆಗೆ ನೆಂಟರು ಬಂದರೆ ತಡವರಿಸುತ್ತ ಆಡುತ್ತಾನೆ, ಬರೆಯುವ ಮಾತು ಬಂದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ತಮ್ಮ ಪಂದ್ಯ ಪೂರ್ತಿ ಕನ್ನಡದಲ್ಲೇ ನಡೆಯುವುದರಿಂದ ಅವನು ಹಿಂದಿಯಲ್ಲಿ ಹೇಳುವುದು, ನಾನು ಕುಕ್ಕರಿನ ಸೀಟಿ ಎಣಿಸುತ್ತ ಕನ್ನಡದಲ್ಲಿ ಬರೆಯುವುದು ಎಂದು ಮೊದಲ ಸುತ್ತು ಕಳೆಯಿತು. ಎರಡನೆಯ ಸುತ್ತಿಗೆ ಅವನು ಹೇಳಿದ ಏಟು ನನಗೆ ಹಿಡಿಸದೆ ನಾನೇ ಬೇರೆ ಬರೆದೆ, ಗೆದ್ದೆವು. ಮೂರನೆಯ ಸುತ್ತಿಗೆ ಅವನು ಕೈ ತೊಳೆದುಕೊಂಡ. ಹೀಗೆ ಧಾರವಾಡದ ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಶಹಬ್ಬಾಸ್ ಎನ್ನಿಸಿಕೊಂಡು, ಆಮೇಲೆ ಇಷ್ಟು ವರ್ಷ ಯಜಮಾನರ ಸ್ಟೀಲ್ ಪಾತ್ರೆ ಅಂಗಡಿಯ ಬೋರ್ಡಿನ ಹೊರತು ಏನನ್ನೂ ಬರೆಯದಿದ್ದ ನಾನು ಗಂಗಾಳದ ಗೌರವ್ವನಾದೆ. ಊಟದ ಹಿತ್ತಾಳೆ ಗಂಗಾಳವನ್ನೇ ಗುರಾಣಿ ಮಾಡಿಕೊಂಡು, ಅದರ ಅಂಚಿನಿಂದಲೇ ಎದುರಾಳಿಯ ಮಂಡಿಗೆ ಬಾರಿಸುವ ಹೆಂಗಸು ಅವಳು. ಅವಳ ಮೇಲೆ ನನಗೆ ಬಹಳ ಪ್ರೀತಿ.

ತಮ್ಮ ನಿಯಮಾವಳಿಯನ್ನು ಎಷ್ಟು ಹೊಗಳಿದರೂ ಸಾಲದು. ದಹಿಸರಿನಿಂದ ಚರ್ಚ್‌ಗೇಟಿನವರೆಗೆ ಸ್ಲೋ ಲೋಕಲ್ ರೈಲಿನಲ್ಲಿ ಕೂತು ಓದಿದರೂ ಮುಗಿಯದು, ಅದೂ ಕೂರಲು ಸೀಟು ಸಿಕ್ಕರೆ. ಹಾರುವ ಪಾತ್ರಗಳು ವೆಸ್ಟರ್ನ್ ಲೈನಿನ ಮೇಲೆ ಹಾರಬಹುದು, ಸೆಂಟ್ರಲ್ ಲೈನಿಗೆ ಹೋಗಬೇಕಾದರೆ ದಾದರಿನಲ್ಲಿ ಇಳಿದು ಬದಲಿಸಬೇಕು. ರಕ್ತ ಒಂದು ವಾಕ್ಯಕ್ಕಿಂತ ಹೆಚ್ಚು ಹರಿಯಬಾರದು. ಹಿಂದಿನ ಸುತ್ತಿನಲ್ಲಿ ಬಾಯಿಂದ ಬೆಂಕಿಯುಗುಳುವ ಏಳು ಹೆಡೆಯ ಸರ್ಪವೊಂದು ಅಂಧೇರಿ ಪ್ಲಾಟ್‌ಫಾರಮ್ಮಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದು ಸೋತಿತು. ಆ ತೀರ್ಪು ಓದಿ ನಮ್ಮ ಯಜಮಾನರು, ಈ ಮಹಾನುಭಾವರನ್ನು ರೈಲ್ವೆಯವರು ಯಾಕೆ ಇನ್ನೂ ಕರೆದುಕೊಂಡಿಲ್ಲ ಎಂದು ಮನಸಾರೆ ಮರುಗಿದರು.

ಇಂಥ ತಮ್ಮ ಅಪ್ಪಣೆಯಂತೆ ಸೆಮಿಫೈನಲ್ ದಾದರ್ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೇಲೆ, ಸಂಜೆಯ ನೂಕುನುಗ್ಗಲಿನಲ್ಲಿ ನಡೆಯಬೇಕೆಂದಾಯಿತು. ನನಗೆ ಎದುರಾಳಿಯಾಗಿ ಬಂದವರು ಸುಗರಾ. ಅವರು ವಿಜಯಪುರದ ಕಡೆಯವರು, ಮದುವೆಯಾಗಿ ಬೈಕುಲ್ಲಾಕ್ಕೆ ಬಂದವರು, ಕೆಳಗೆ ಗಂಡನ ಮೋಟಾರು ರಿಪೇರಿಯ ವರ್ಕ್‌ಶಾಪು, ಮೇಲೆ ಇವರ ಮನೆ. ಮನೆಯಲ್ಲಿ ದಖನಿ ಉರ್ದು ಆಡುತ್ತಾರೆ. ಕನ್ನಡ ಬರೆಯುವುದು ಶಾಲೆಯ ಜೊತೆಗೇ ಮುಗಿದಿತ್ತಂತೆ, ಮಗಳು ಕೈನಾತ ಈ ಪಂದ್ಯಕ್ಕೆ ಹೆಸರು ಕೊಡಿಸಿದ ಮೇಲೆ ಮತ್ತೆ ಕೈಗೆ ಬಂತಂತೆ. ಅವರ ಪಾತ್ರದ ಹೆಸರು ಬುರುಜಿನ ಬಾನು. ಕೋಟೆಯ ಬುರುಜಿನ ಮೇಲೆ ಕಾವಲಿರುವ, ನೀರು ಸೇದುವ ಹಗ್ಗವನ್ನೇ ಚಾವಟಿಯಂತೆ ಆಡಿಸುವ ಹೆಂಗಸು. ಅಬ್ಬಾ, ಎಂಥ ಬರವಣಿಗೆ ಅಂತೀರಿ! ಅವರ ಹಗ್ಗ ನನ್ನ ಗಂಗಾಳದ ಅಂಚಿಗೆ ಸುತ್ತಿಕೊಂಡ ಆ ಸರದಿಯನ್ನು ಓದಿ ನಾನು ಅಡಿಗೆಮನೆಯಲ್ಲೇ ಕೈ ಹಿಂದಕ್ಕೆಳೆದುಕೊಂಡಿದ್ದೆ.

ಈಗ ಆ ಮಹಾಪರಾಧದ ಘಳಿಗೆಗೆ ಬರೋಣ. ಕಾದಾಡುತ್ತ ಕಾದಾಡುತ್ತ ಬಾನುವಿನ ಹಗ್ಗ ಹಳಿಯ ಮೇಲೆ ಬಿತ್ತು. ಆಯುಧ ಹೋದ ಪಾತ್ರ ಬೇಕಾದರೆ ಕಾಳಗದಿಂದ ಹೊರಟುಹೋಗಬಹುದು, ಅದಕ್ಕೆ ಅರ್ಧ ಅಂಕ ಸಿಗುತ್ತದೆ, ಆದರೆ ಸೇತುವೆಯ ಮೆಟ್ಟಿಲು ಇಳಿಯುವವರೆಗೆ ಪಂದ್ಯ ಮುಗಿಯುವುದಿಲ್ಲ ಎಂಬುದು ತಮ್ಮದೇ ನಿಯಮ. ಅದರಂತೆ ಸುಗರಾ, ಬಾನು ಸೆರಗು ಸರಿಮಾಡಿಕೊಂಡು ಹೊರಟು ನಿಂತಳು ಎಂದು ಬರೆದರು. ಮಾನ್ಯರೇ, ಆ ಹೊತ್ತಿಗೆ ನಾನು ಏಟು ಬೀಸಬೇಕಿತ್ತು. ನಿಯಮ ಬಲ್ಲವರು ಯಾರೇ ಆಗಿದ್ದರೂ ಬೀಸುತ್ತಿದ್ದರು. ಆದರೆ ಎದುರಿಗೆ ಮುತ್ತೈದೆಯೊಬ್ಬಳು ಹೊರಟು ನಿಂತಿದ್ದಾಳೆ ಎಂದು ಓದಿದ ಕೂಡಲೇ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಕೆಳಗಿನ ಹೂವಿನ ಮಾರ್ಕೆಟಿನಿಂದ ಗೌರವ್ವ ಅಕ್ಕಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ ತರಿಸಿ ಬಾನುವಿನ ಉಡಿ ತುಂಬಿದಳು ಎಂದು ಬರೆದು ಕಳಿಸಿಬಿಟ್ಟೆ. ಹೊರಟವಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ, ಅವಳು ಈಗಷ್ಟೇ ನನ್ನ ಕುತ್ತಿಗೆಗೆ ಹಗ್ಗ ಹಾಕಿದ್ದರೂ ಇಲ್ಲ. ಬೇರೆ ಯಾರಿಗಾದರೂ ಇದು ಆಗುತ್ತಿತ್ತೋ ಕಾಣೆ, ನಮ್ಮಂಥ ಹೆಂಗಸರಿಗೇ ಆಗುವಂಥ ಎಡವಟ್ಟು.

ಅದಕ್ಕೆ ಸುಗರಾ ಬರೆದ ಸರದಿ ನನಗೆ ಬಾಯಿಪಾಠವಾಗಿದೆ. ಬಾನು ಎರಡೂ ಕೈಯಿಂದ ಉಡಿ ಒಡ್ಡಿದಳು, ಕಣ್ಣಿಗೊತ್ತಿಕೊಂಡಳು, ಗೌರವ್ವನ ಕಾಲಿಗೆ ನಮಸ್ಕರಿಸಿದಳು, ಅಕ್ಕಿ ಚೆಲ್ಲದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಾಯಿಯನ್ನು ಸೆರಗಿನ ತುದಿಗೆ ಗಟ್ಟಿಯಾಗಿ ಗಂಟು ಹಾಕಿ, ಗರಗರ ತಿರುಗಿಸಿ, ಗೌರವ್ವನ ನೆತ್ತಿಗೆ ಗುರಿಯಿಟ್ಟು ಬೀಸಿದಳು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಯಜಮಾನರು ಅಂಗಡಿಯಿಂದ ಬಂದವರು ಏನಾಯಿತೇ ಎಂದು ಕೇಳಿದರೆ ಹೇಳಲು ಉಸಿರಿರಲಿಲ್ಲ. ನಾನೇ ಕೊಟ್ಟ ಕಾಯಿ, ನನ್ನದೇ ತಲೆ! ನಗು ನಿಂತ ಮೇಲೆ ನನ್ನ ಸರದಿ ಬರೆದೆ. ತಪ್ಪಿಸಿಕೊಂಡೆ ಎಂದು ಬರೆಯಬಹುದಿತ್ತು, ಆದರೆ ಅಂಥ ಏಟಿನಿಂದ ತಪ್ಪಿಸಿಕೊಂಡರೆ ನಾಲಿಗೆ ಬಿದ್ದುಹೋದೀತು. ಕಾಯಿ ಸರಿಯಾಗಿ ನೆತ್ತಿಗೆ ಬಿತ್ತು, ಗೌರವ್ವನ ಕಣ್ಣಿಗೆ ಕತ್ತಲೆ ಬಂತು, ಗಂಗಾಳ ಕೈಯಿಂದ ಜಾರಿತು ಎಂದು ಬರೆದೆ.

ಮೊದಲ ತೀರ್ಪಿನಲ್ಲಿ ತಾವು ಸುಗರಾ ಗೆದ್ದರೆಂದು ಹೇಳಿದಿರಿ. ತಾಂತ್ರಿಕ ನಿರ್ಣಾಯಕಿ ಪ್ರಫುಲ್ಲಾ ಅವರು, ಉಡಿಯ ಸಾಮಗ್ರಿಯನ್ನು ಮೊದಲೇ ಘೋಷಿಸಿರಲಿಲ್ಲವೆಂದು ನನ್ನ ಅಂಕ ಕಡಿದರು. ಹಾಗೆಯೇ, ಕೊಟ್ಟ ವಸ್ತು ಕೊಟ್ಟ ಕೂಡಲೇ ಪಡೆದವರ ಸ್ವತ್ತಾಗುತ್ತದೆ ಎಂದು ಬರೆದು ಕಾಯಿಯ ಏಟಿಗೆ ಪೂರ್ಣ ಅಂಕ ಕೊಟ್ಟರು. ಆ ತಾಯಿಗೆ ನನ್ನ ಶರಣು. ಅಷ್ಟಕ್ಕೇ ಮುಗಿದಿದ್ದರೆ ನಾನು ತಮ್ಮ ಹೆಸರಿನಲ್ಲಿ ಪೇಢಾ ಹಂಚುತ್ತಿದ್ದೆ.

ಆದರೆ ನನ್ನ ಮಗರಾಯನಿಗೆ ಅವ್ವ ಸೋತದ್ದನ್ನು ಸಹಿಸಲಾಗಲಿಲ್ಲ. ನನಗೆ ಒಂದು ಮಾತೂ ಹೇಳದೆ ತಮಗೆ ಮೇಲ್ಮನವಿ ಕಳಿಸಿದ. ಉಡಿಯ ಕಾಯಿ ನಮ್ಮ ಸಂಸ್ಕೃತಿ, ಅದರಿಂದ ಹೊಡೆದದ್ದು ನಮ್ಮ ಪರಂಪರೆಗೆ ಮಾಡಿದ ಅಪಮಾನ ಎಂಬುದು ಅದರ ಸಾರಾಂಶ. ಕನ್ನಡ ಸಂಸ್ಕೃತಿಗೆ ಧಕ್ಕೆಯಾಯಿತೆಂಬ ಈ ದೂರು ತಮಗೆ ಶುದ್ಧ ಇಂಗ್ಲಿಷಿನಲ್ಲಿ ಬಂದಿತ್ತೆಂಬುದನ್ನು ತಾವು ಗಮನಿಸಿದ್ದೀರಿ ಎಂದುಕೊಳ್ಳುತ್ತೇನೆ. ಮಗ ಮಾಡಿದ್ದು ಪೆದ್ದತನ. ಅದನ್ನು ತಾವು ಕಸದ ಬುಟ್ಟಿಗೆ ಹಾಕಬಹುದಿತ್ತು. ಹಾಕುವ ಬದಲು ತಲೆಯ ಮೇಲೆ ಹೊತ್ತು ಮೆರೆಸಿದಿರಿ. ಪರಂಪರೆಗೆ ಧಕ್ಕೆ ತರುವಂಥದ್ದು ಏನೂ ಕೂಡದು ಎಂಬ ಕಲಮನ್ನು ಹುಡುಕಿ ತೆಗೆದು, ತೀರ್ಪು ತಿರುಗಿಸಿ, ನಾನು ಗೆದ್ದೆನೆಂದೂ ಬಾನು ಅನರ್ಹಳೆಂದೂ ಸಾರಿದಿರಿ. ಒಂದೇ ಪಂದ್ಯದಲ್ಲಿ ಇಬ್ಬರನ್ನೂ ಗೆಲ್ಲಿಸಿ ಇಬ್ಬರನ್ನೂ ಸೋಲಿಸಿದ ಇಂಥ ನಿಷ್ಪಕ್ಷಪಾತವನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಲದ್ದಕ್ಕೆ ತೀರ್ಪಿನಲ್ಲಿ ಒಂದು ವಾಕ್ಯ ಸೇರಿಸಿದಿರಿ. ನಮ್ಮ ಪವಿತ್ರ ಸಂಪ್ರದಾಯಗಳನ್ನು ಅನ್ಯರು ಆಟದ ವಸ್ತುವಾಗಿ ಬಳಸುವುದನ್ನು ಬಳಗ ಸಹಿಸುವುದಿಲ್ಲ ಎಂದು.

ಅನ್ಯರು! ಮಾನ್ಯರೇ, ಆ ಒಂದು ಶಬ್ದ ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಇಲ್ಲಿಯವರೆಗೆ ನಗುತ್ತ ಬರೆದೆ, ಈ ಜಾಗದಲ್ಲಿ ನಗುವುದು ನನ್ನಿಂದ ಸಾಧ್ಯವಿಲ್ಲ. ಸುಗರಾಳ ಅವ್ವ ಸುಗರಾಳನ್ನು ಮುಂಬಯಿಗೆ ಕಳಿಸುವಾಗ ಉಡಿ ತುಂಬಿಯೇ ಕಳಿಸಿದ್ದಳು. ನಮ್ಮ ಓಣಿಯಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳು ಯಾರ ಪೈಕಿ ಎಂದು ಕೇಳಿ ಉಡಿ ತುಂಬಿದವರನ್ನು ನಾನು ನೋಡಿಲ್ಲ. ಹೇಗೆ ಒಡ್ಡಬೇಕು, ಹೇಗೆ ಕಣ್ಣಿಗೊತ್ತಿಕೊಳ್ಳಬೇಕು, ಅಕ್ಕಿಯನ್ನು ಹೇಗೆ ಚೆಲ್ಲದೆ ಕಟ್ಟಿಕೊಳ್ಳಬೇಕು ಎಂಬುದನ್ನು ಅವಳು ಯಾರನ್ನೂ ಕೇಳದೆ ಬರೆದಳು. ಮೇಲ್ಮನವಿ ಬರೆದ ನನ್ನ ಮಗನಿಗೆ ಉಡಿಯಲ್ಲಿ ಏನೇನು ಹಾಕುತ್ತಾರೆಂದು ಕೇಳಿ ನೋಡಿ, ಮೊಬೈಲು ತೆಗೆಯುತ್ತಾನೆ. ಇವರಿಬ್ಬರಲ್ಲಿ ಅನ್ಯರು ಯಾರೆಂದು ತಾವೇ ಒಂದು ತೀರ್ಪು ಕೊಟ್ಟುಬಿಡಿ. ಅಂದಹಾಗೆ ಇನ್ನು ಮುಂದೆ ಅವಳನ್ನು ನಾನು 'ಅವರು' ಎನ್ನುವುದಿಲ್ಲ. ಏಟು ಕೊಟ್ಟು ಏಟು ತಿಂದ ಮೇಲೆ ಅಷ್ಟು ಸಲಿಗೆ ಬಂದೇ ಬರುತ್ತದೆ.

ಪರಂಪರೆಯ ಮಾತು ತಾವೇ ಎತ್ತಿದ್ದೀರಿ, ಆದ್ದರಿಂದ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಉಡಿಯ ಕಾಯಿಯನ್ನು ಮನೆಗೆ ತಂದ ಮೇಲೆ ನಾವು ಗಾಜಿನ ಕಪಾಟಿನಲ್ಲಿ ಇಡುವುದಿಲ್ಲ. ಮರುದಿನ ಬೆಳಿಗ್ಗೆ ಮೋರಿಯ ಕಲ್ಲಿಗೆ ಕುಕ್ಕಿ ಒಡೆದು, ತುರಿದು, ಹಸಿಮೆಣಸಿನಕಾಯಿ ಹಾಕಿ ರುಬ್ಬಿ ಚಟ್ನಿ ಮಾಡಿ ದೋಸೆಯ ಜೊತೆ ತಿನ್ನುತ್ತೇವೆ. ತಮ್ಮ ಮನೆಯಲ್ಲೂ ಶ್ರೀಮತಿಯವರು ಇದನ್ನೇ ಮಾಡುತ್ತಿರಬೇಕು, ತಾವು ಎರಡನೆಯ ಸಲ ಹಾಕಿಸಿಕೊಂಡೂ ತಿಂದಿರಬೇಕು. ಆದ್ದರಿಂದ ಉಡಿಯ ಕಾಯಿ ಎಷ್ಟು ಹೊತ್ತಿನವರೆಗೆ ಪವಿತ್ರ, ಎಷ್ಟು ಹೊತ್ತಿಗೆ ಚಟ್ನಿ ಎಂಬುದರ ಬಗ್ಗೆ ತಾವು ಒಂದು ಸುತ್ತೋಲೆ ಹೊರಡಿಸಬೇಕು. ಕಲ್ಲಿಗೆ ಕುಕ್ಕಿದರೆ ಆಗದ ಅಪಮಾನ ನನ್ನ ತಲೆಗೆ ಕುಕ್ಕಿದರೆ ಹೇಗೆ ಆಗುತ್ತದೆ, ಕಲ್ಲು ನನಗಿಂತ ಯಾವ ರೀತಿಯಲ್ಲಿ ಮೇಲು ಎಂಬುದನ್ನೂ ಅದರಲ್ಲಿ ವಿವರಿಸಬೇಕು. ಸಾಧ್ಯವಾದರೆ ಆ ಕಾಯಿಯನ್ನೇ ಕರೆಸಿ ಹೇಳಿಕೆ ತೆಗೆದುಕೊಳ್ಳಬೇಕು. ಮೂವರೂ ನಿರ್ಣಾಯಕರು ಒಂದು ಸಂಜೆ ಸೀರೆಯುಟ್ಟು, ಸೆರಗಿಗೆ ಕಾಯಿ ಕಟ್ಟಿಕೊಂಡು, ವಿರಾರ್ ಫಾಸ್ಟ್ ಲೋಕಲ್ ಬಂದು ನಿಂತ ಹೊತ್ತಿಗೆ ದಾದರಿನ ಸೇತುವೆಯ ಮೇಲೆ ಸ್ಥಳ ಪರಿಶೀಲನೆ ಮಾಡಬೇಕೆಂದೂ ವಿನಂತಿ. ಹೂವಿನವರು ತಮ್ಮನ್ನು ಆದರದಿಂದ ಕಾಣುತ್ತಾರೆ.

ನನಗೆ ಅರ್ಥವಾಗದ ಇನ್ನೊಂದು ವಿಷಯವಿದೆ. ಏಟು ತಿಂದವಳು ನಾನು, ನೋವಾದದ್ದು ತಮಗೆ. ನಿಮಗೆ ಬೇಸರವಾಯಿತೇ ಎಂದು ಕಾಯಿ ಕೊಟ್ಟವಳನ್ನು ಒಬ್ಬರಾದರೂ ಕೇಳಿದಿರಾ? ಕೇಳಿದ್ದರೆ, ಇಷ್ಟು ವರ್ಷದಲ್ಲಿ ಇಷ್ಟು ನಕ್ಕಿರಲಿಲ್ಲವೆಂದು ಹೇಳುತ್ತಿದ್ದೆ. ತಾವು ಕೇಳಲಿಲ್ಲ. ಕ್ಷಮಾಪಣೆಯ ಒಂದು ಮಾದರಿಯನ್ನು ತಾವೇ ಬರೆದು ಸುಗರಾಳಿಗೆ ಕಳಿಸಿ, ಅದನ್ನು ಭಾನುವಾರ, ಅಂದರೆ ಇಂದು, ಸಂಜೆಯೊಳಗೆ ಎಲ್ಲ ಗ್ರೂಪುಗಳಲ್ಲಿ ಹಾಕದಿದ್ದರೆ ಅವಳನ್ನು ಬಳಗದಿಂದಲೇ ತೆಗೆದುಹಾಕುವುದಾಗಿ ತಿಳಿಸಿದಿರಿ.

ಅದರ ಫಲ ಏನಾಯಿತೆಂದು ತಮಗೆ ಗೊತ್ತಿರಲಿ. ತೀರ್ಪಿನ ಕೆಳಗೆ ಬಂದ ಮಾತುಗಳನ್ನು ಓದಲಾರದೆ ಕೈನಾತ ಗ್ರೂಪು ಬಿಟ್ಟಳು. ಅವಳ ಆಫೀಸಿನ ಹುಡುಗರೂ ಅದರಲ್ಲಿದ್ದಾರೆ. ಮಗಳಿಗೆ ತೊಂದರೆ ಆಗುವುದು ಬೇಡ, ಅವರು ಹೇಳಿದಂತೆ ಬರೆದು ಕೊಟ್ಟು ಮುಗಿಸಿಬಿಡುತ್ತೇನೆ ಎಂದು ಸುಗರಾ ನನಗೆ ಫೋನು ಮಾಡಿದಳು. ಅಲ್ಲಿಯವರೆಗೆ ನಾವಿಬ್ಬರೂ ಒಬ್ಬರ ದನಿ ಒಬ್ಬರು ಕೇಳಿದವರಲ್ಲ. ಬಹಳ ಹೊತ್ತು ಅದೂ ಇದೂ ಮಾತಾಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಏಟು ಬಿದ್ದಿದ್ದು ನಿಮಗ. ನಿಮ್ಮ ಮುಂದ ಬೇಕಾದ್ರ ನೂರು ಸಲ ತಪ್ಪಾತು ಅಂತೀನಿ," ಎಂದಳು. "ಅವರ ಮುಂದ ಯಾತಕ್ಕ ಅನ್ನಬೇಕು, ಅಷ್ಟು ಹೇಳ್ರಿ ನನಗ."

ಉತ್ತರವನ್ನು ತಮ್ಮ ನಿಯಮಾವಳಿಯಲ್ಲಿ ಹುಡುಕಿದೆ, ಸಿಗಲಿಲ್ಲ. "ನೀ ಬರದು ಕೊಟ್ಟಿ ಅಂದ್ರ ನಾ ಖರೇನ ಸೋತೆ ನೋಡು," ಎಂದಷ್ಟೇ ಹೇಳಿದೆ. ಹಾಗಾದರೆ ಬರೆಯುವುದಿಲ್ಲ ಎಂದಳು. ಇಷ್ಟೊಂದು ವರ್ಷ ಬಿಟ್ಟು ಮತ್ತೆ ಕನ್ನಡ ಬರೆಯಲು ಕೂತ ಹೆಂಗಸು ಬರೆಯಬೇಕಾದ ಕಟ್ಟಕಡೆಯ ಸಾಲು ತಮ್ಮ ಕ್ಷಮಾಪಣೆಯ ಮಾದರಿಯಾಗುವುದು ನನಗೆ ಬೇಡ. ಈ ಪಂದ್ಯದಲ್ಲಿ ನನಗೆ ಬೇಕಾದದ್ದು ಇದೊಂದೇ, ಉಳಿದದ್ದನ್ನೆಲ್ಲ ತಾವು ಇಟ್ಟುಕೊಳ್ಳಬಹುದು.

ಆದ್ದರಿಂದ ಅವಳು ಬರೆಯುವುದಿಲ್ಲ. ತಾವು ಮೊಬೈಲು ಹಿಡಿದು ಕಾಯಬೇಡಿ, ಕಣ್ಣು ನೋವು ಬರುತ್ತದೆ. ಬಳಗದಿಂದ ಅವಳ ಹೆಸರು ತೆಗೆಯುವ ಮನಸ್ಸಾದರೆ ಅದೇ ಕೈಯಿಂದ ನನ್ನ ಹೆಸರನ್ನೂ ತೆಗೆಯಿರಿ. ಆಗ ತಮ್ಮಲ್ಲಿ ಕನ್ನಡದಲ್ಲಿ ಹೊಡೆದಾಡುವವರು ಎಷ್ಟು ಜನ ಉಳಿಯುತ್ತಾರೆಂದು ಪ್ರಫುಲ್ಲಾ ಅವರಿಂದ ಒಮ್ಮೆ ಲೆಕ್ಕ ಹಾಕಿಸಿಕೊಳ್ಳಿ. ಆ ತೀರ್ಪಿನಿಂದ 'ಅನ್ಯರು' ಎಂಬ ಶಬ್ದವನ್ನು ತೆಗೆದುಹಾಕಿ, ತೆಗೆದೆನೆಂದು ಎಲ್ಲ ಗ್ರೂಪುಗಳಲ್ಲಿ ತಿಳಿಸುವವರೆಗೆ ನಮ್ಮ ಅಂಗಡಿಯ ಬಾಗಿಲಿಗೆ ಬಂದರೂ ತಮಗೆ ಚಹಾ ಸಿಗುವುದಿಲ್ಲ ಎಂದು ಯಜಮಾನರು ತಿಳಿಸಲು ಹೇಳಿದ್ದಾರೆ. ಅವರು ಸಾಮಾನ್ಯವಾಗಿ ಇಂಥ ವಿಷಯದಲ್ಲಿ ಬಾಯಿ ಹಾಕುವವರಲ್ಲ.

ಇನ್ನು ಮುಕ್ತಾಯದ ಸರದಿ. ತಾವು ಇಷ್ಟು ಸಲ ಕೇಳಿದ ಮೇಲೂ ಕೊಡದಿದ್ದರೆ ಚೆನ್ನಾಗಿರುವುದಿಲ್ಲ. ನಿಯಮವನ್ನು ಮತ್ತೆ ಮತ್ತೆ ಓದಿದೆ. ಗೆದ್ದವರು ಒಂದು ಪಾತ್ರದ ಅಂತ್ಯವನ್ನು ಬರೆಯತಕ್ಕದ್ದು, ಆ ಸರದಿಯಲ್ಲಿ ಎರಡೂ ಪಾತ್ರಗಳನ್ನು ನಡೆಸುವ ಅಧಿಕಾರ ಗೆದ್ದವರಿಗಿದೆ, ಒಮ್ಮೆ ಹಾಕಿದ ಮೇಲೆ ಅದನ್ನು ನಿರ್ಣಾಯಕರೂ ಬದಲಿಸುವಂತಿಲ್ಲ ಎಂದು ತಾವೇ ಬರೆದಿದ್ದೀರಿ. ಯಾವ ಪಾತ್ರದ ಅಂತ್ಯವೆಂದು ಬರೆದಿಲ್ಲ. ಅಷ್ಟು ದೊಡ್ಡ ಗ್ರಂಥದಲ್ಲಿ ಇಷ್ಟು ಸಣ್ಣದೊಂದು ಬಿಟ್ಟುಹೋಗುವುದು ಸಹಜ. ಆದ್ದರಿಂದ ಈಗಷ್ಟೇ ಪಂದ್ಯದ ಪುಟದಲ್ಲಿ ನಾನು ಹಾಕಿರುವ ಸರದಿಯನ್ನು ಇಲ್ಲಿಯೂ ಕೊಡುತ್ತಿದ್ದೇನೆ.

'ಬುರುಜಿನ ಬಾನು ಬೀಸಿದ ಏಟಿಗೆ ಗಂಗಾಳದ ಗೌರವ್ವ ಸೇತುವೆಯ ಮೇಲೆ ಅಂಗಾತ ಬಿದ್ದಳು. ಬಿದ್ದವಳನ್ನು ದಾಟಿಕೊಂಡು ಜನ ತಮ್ಮ ತಮ್ಮ ಗಾಡಿಗೆ ಓಡಿದರು. ಬಾನು ಓಡಲಿಲ್ಲ. ಪಕ್ಕದಲ್ಲಿ ಕೂತು, ಗೌರವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ನೀರು ಬಿಟ್ಟಳು. ಛಲೋ ಹೊಡೆದೆ ತಂಗಿ ಎಂದು ಹೇಳಿ ಗೌರವ್ವ ಕಣ್ಣು ಮುಚ್ಚಿದಳು.'

ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂತೆ ಎಂದರೆ, ಬಂತು. ಗೌರವ್ವ ನನಗೆ ಅಷ್ಟು ಬೇಕಾದವಳಾಗಿದ್ದಳು. ಈಗ ತಮ್ಮ ನಿಯಮದ ಪ್ರಕಾರ ಗೆದ್ದವಳು ಸತ್ತಿದ್ದಾಳೆ, ಅನರ್ಹಳಾದವಳು ಬದುಕಿದ್ದಾಳೆ. ಫೈನಲಿಗೆ ಯಾರನ್ನು ಕಳಿಸಬೇಕೆಂಬ ಇಕ್ಕಟ್ಟಿಗೆ ತಮ್ಮನ್ನು ಸಿಕ್ಕಿಸಿದ್ದಕ್ಕೆ ವಿಷಾದವಿದೆ. ಆದರೆ ತಮ್ಮ ಬುದ್ಧಿಮತ್ತೆಯ ಮೇಲೆ ನನಗೆ ಪೂರ್ಣ ಭರವಸೆಯಿದೆ, ತಾವು ಏನಾದರೊಂದು ಕಲಮು ಹುಟ್ಟಿಸಿಯೇ ಹುಟ್ಟಿಸುತ್ತೀರಿ.

ತಮಗೂ ತಮ್ಮ ನಿಯಮಾವಳಿಗೂ ದೀರ್ಘಾಯುಷ್ಯ ಕೋರುತ್ತ, ತಮ್ಮ ಕೈಯಿಂದ ಗೆದ್ದು ಕಂಗಾಲಾಗಿರುವ,

ತಮ್ಮ ವಿಶ್ವಾಸಿ,
ಚಂದ್ರವ್ವ ಮುರಿಗೆಪ್ಪ ಹಂಚಿನಾಳ
ದಹಿಸರ್

ತಾಜಾ ಕಲಂ: ಇಂದು ಸಂಜೆಯೊಳಗೆ ಒಂದು ಕ್ಷಮಾಪಣೆ ಬರಲೇಬೇಕೆಂದು ತಾವು ಹಟ ಹಿಡಿದಿದ್ದಿರಿ. ತಮ್ಮ ಮಾತು ಸುಳ್ಳಾಗಲಿಲ್ಲ, ಬೆಳಿಗ್ಗೆಯೇ ಬಂದಿದೆ. ಬರೆದವನು ನನ್ನ ಮಗ ಶರಣ. ನಾಲ್ಕು ಸಾಲು, ಕಾಗದದ ಮೇಲೆ, ಪೆನ್ನಿನಿಂದ. ಅವನು ಹುಟ್ಟಿದ ಮೇಲೆ ತಾನಾಗಿ ಬರೆದ ಮೊದಲ ಕನ್ನಡ. ನಾನು ತಿದ್ದಿಕೊಡಲು ಹೋದರೆ ಕೈ ಅಡ್ಡ ಇಟ್ಟ. ತೆಗೆದುಕೊಂಡು ಒಬ್ಬನೇ ಲೋಕಲ್ ಹಿಡಿದು ಬೈಕುಲ್ಲಾಕ್ಕೆ ಹೋದ. ಸುಗರಾ ಅದನ್ನು ಬಾಗಿಲಲ್ಲೇ ನಿಂತು ಓದಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೊದಲ ಒಳಗ ಬಾ, ಉಣ್ಣು," ಎಂದಳಂತೆ. ಪತ್ರದ ಪ್ರತಿಯನ್ನು ತಮಗೆ ಕಳಿಸುತ್ತಿಲ್ಲ. ತೀರ್ಪು ಕೊಡಬೇಕಾದವಳು ಕೊಟ್ಟಾಗಿದೆ, ಇದಕ್ಕೆ ಮೇಲ್ಮನವಿ ಇಲ್ಲ.